ಅರ್ಧ ಸೀಸನ್‌ಗೆ ಎದ್ದು ಹೋದ ಕೋಚ್: ಸ್ಟೀವ್ ಸ್ಪರಿಯರ್ ಮಾಡಿದ್ದು ತಪ್ಪಾ?

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಅಮೆರಿಕದ ಶಾರ್ಲಟ್‌ನಲ್ಲಿದ್ದೇವೆ. ಮಗಳು ಕೊಲಂಬಿಯಾದ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಮೊನ್ನೆ ಅವಳ ರೂಮ್‌ಮೇಟ್ ಮನೆಗೆ ಊಟಕ್ಕೆ ಹೋಗಿದ್ದೆವು. ಆ ಹುಡುಗಿಯ ಅಜ್ಜ ಸ್ಟೀವ್ ಸ್ಪರಿಯರ್ ಅನ್ನೋ, ಆ ವಿಶ್ವವಿದ್ಯಾಲಯದ ಹಳೇ ಅಮೆರಿಕನ್ ಫುಟ್ಬಾಲ್ ಕೋಚನ್ನು ಒಂದು ಗಂಟೆ ಹೊಗಳಿದರು, ಆಮೇಲೆ ಅರ್ಧ ಗಂಟೆ ಬೈದರು. 2015ರಲ್ಲಿ ಸೀಸನ್ ನಡುವೆಯೇ ರಾಜೀನಾಮೆ ಕೊಟ್ಟು ಹೋದರಂತೆ. ಅಷ್ಟು ಹೆಸರು ಮಾಡಿದವರು ಹೀಗೆ ಮಾಡಬಹುದೇ? ಮದುವೆ ಮನೆಯಲ್ಲಿ ಎರಡನೇ ಪಂಕ್ತಿ ಕೂತಿರುವಾಗ ಅಡುಗೆ ಭಟ್ಟರು ಸೌಟು ಇಟ್ಟು ಹೊರಟ ಹಾಗಲ್ಲವೇ? ಹೋಗುವಾಗ ದುಡ್ಡು ಸಿಕ್ಕಿತೇ? ಆ ಹುಡುಗರ ಗತಿ ಏನಾಯಿತು?

ಉತ್ತರ: ನಿಮ್ಮ ಪಂಕ್ತಿಯ ಹೋಲಿಕೆ ನನಗೆ ತುಂಬಾ ಹಿಡಿಸಿತು. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಭಟ್ಟರು ಸೌಟು ಇಟ್ಟು ಹೋದದ್ದು ನಿಜ. ಆದರೆ ಆ ಹೊತ್ತಿಗೆ ಸಾರು ತಳ ಹಿಡಿದಾಗಿತ್ತು. ಅವರು ಹೋದದ್ದಕ್ಕೆ ನನ್ನ ತಕರಾರಿಲ್ಲ. ಹತ್ತು ತಿಂಗಳು ತಡ ಮಾಡಿ ಹೋದರು ಅನ್ನುವುದೇ ನನ್ನ ತಕರಾರು.

ಮೊದಲು ಆ ಅಜ್ಜ ಯಾಕೆ ಒಂದು ಗಂಟೆ ಹೊಗಳಿದರು ಅನ್ನುವುದನ್ನು ನೋಡೋಣ.

ಸ್ಪರಿಯರ್ ಆಟಗಾರನಾಗಿಯೇ ದೊಡ್ಡ ಹೆಸರು. ಫ್ಲೋರಿಡಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು, ಆಗಿದ್ದರು. 1966ರಲ್ಲಿ ಹೈಸ್‌ಮನ್ ಟ್ರೋಫಿ ಗೆದ್ದರು. ಕಾಲೇಜು ಫುಟ್ಬಾಲ್‌ನಲ್ಲಿ ಒಬ್ಬ ಆಟಗಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಆ ವರ್ಷ ಆಬರ್ನ್ ವಿರುದ್ಧದ ಪಂದ್ಯ ಕೊನೇ ನಿಮಿಷಗಳಲ್ಲಿ ಸಮವಾಗಿತ್ತು. ಚೆಂಡು ಒದೆಯುವುದಕ್ಕೆ ತಂಡದಲ್ಲಿ ಬೇರೆ ಹುಡುಗ ಇದ್ದ. ಇವರು ‘ನಾನೇ ಒದೀತೀನಿ’ ಅಂತ ಹೋಗಿ 40 ಗಜದಿಂದ ಒದ್ದು 30-27ರಲ್ಲಿ ಗೆಲ್ಲಿಸಿದರು. ಆಮೇಲಿನ ಐವತ್ತು ವರ್ಷವೂ ಮನುಷ್ಯ ಹಾಗೇ ಇದ್ದರು. ತನ್ನ ಮೇಲೆ ಅಷ್ಟು ನಂಬಿಕೆ.

ಕಾಲೇಜು ತಂಡದ ಮುಖ್ಯ ಕೋಚ್ ಆಗಿ ಮೊದಲು ಡ್ಯೂಕ್ ವಿಶ್ವವಿದ್ಯಾಲಯ. ಅಲ್ಲಿ 1989ರಲ್ಲಿ ಎಸಿಸಿ ಅನ್ನೋ ಕಾನ್ಫರೆನ್ಸ್‌ನ (ಕಾಲೇಜು ತಂಡಗಳ ಗುಂಪು) ಪ್ರಶಸ್ತಿಯನ್ನು ಜಂಟಿಯಾಗಿ ಗೆದ್ದರು. ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇರೇನೂ ಕಾಣದ ಕಾಲೇಜು ಅದು. ಅಲ್ಲಿಂದ 1990ರಲ್ಲಿ ಸ್ವಂತ ಕಾಲೇಜು ಫ್ಲೋರಿಡಾಕ್ಕೆ ಬಂದರು. ಹನ್ನೆರಡು ವರ್ಷ, 122 ಗೆಲುವು, 27 ಸೋಲು, ಒಂದು ಡ್ರಾ. 1996ರ ಸೀಸನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್. ಆಗ ದಕ್ಷಿಣದ ತಂಡಗಳು ಹೆಚ್ಚಾಗಿ ಚೆಂಡು ಹಿಡಿದು ಓಡಿಯೇ ಆಡುತ್ತಿದ್ದವು. ಇವರು ಎಸೆದು ಎಸೆದು ಆಡಿಸಿದರು. ತಲೆಗೆ ವೈಸರ್ ಹಾಕಿಕೊಂಡು ಬದಿಯಲ್ಲಿ ನಿಲ್ಲುವುದು, ಆಟ ಕೆಟ್ಟರೆ ಅದನ್ನೇ ಕಿತ್ತು ನೆಲಕ್ಕೆ ಬಡಿಯುವುದು. ಎದುರಾಳಿಯನ್ನು ಚುಚ್ಚಿ ಮಾತಾಡುವುದರಲ್ಲೂ ಎತ್ತಿದ ಕೈ.

ನಡುವೆ ವಾಷಿಂಗ್ಟನ್‌ನ ವೃತ್ತಿಪರ ತಂಡಕ್ಕೆ ಹೋಗಿ ಕೈ ಸುಟ್ಟುಕೊಂಡರು. ಐದು ವರ್ಷಕ್ಕೆ 2.5 ಕೋಟಿ ಡಾಲರ್ ಕಾಂಟ್ರಾಕ್ಟ್. ಎರಡು ಸೀಸನ್‌ನಲ್ಲಿ 12 ಗೆಲುವು, 20 ಸೋಲು. 2003ರ ಕೊನೆಗೆ ತಾವೇ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2005ರಲ್ಲಿ ಸೌತ್ ಕ್ಯಾರೊಲೈನಾಕ್ಕೆ ಬಂದರು. ಆ ಅಜ್ಜನ ಕಣ್ಣಿನಲ್ಲಿ ನೋಡಿ. ಅವರು ಹುಡುಗರಾಗಿದ್ದಾಗಿಂದ ಆ ತಂಡ ಗೆದ್ದಿದ್ದ ಕಾನ್ಫರೆನ್ಸ್ ಪ್ರಶಸ್ತಿ ಒಂದೇ ಒಂದು, ಅದೂ 1969ರಲ್ಲಿ. ತಂಡ ಗೆಲ್ಲಲಿ ಸೋಲಲಿ, ವಿಲಿಯಮ್ಸ್-ಬ್ರೈಸ್ ಸ್ಟೇಡಿಯಂನಲ್ಲಿ ಸುಮಾರು 80,000 ಜನ ಸೇರುತ್ತಾರೆ. ನಮ್ಮ ಕಡೆ ಕೆಲವರು ಮಳೆ ಬರಲಿ ಬಿಡಲಿ ಜಾತ್ರೆ ತಪ್ಪಿಸುವುದಿಲ್ಲವಲ್ಲ, ಹಾಗೆ. ಅಂಥ ಕಡೆ ಬಂದು ಈ ಮನುಷ್ಯ 2010ರಲ್ಲಿ ದೇಶದ ನಂಬರ್ ಒನ್ ಅಲಬಾಮಾವನ್ನು 35-21ರಲ್ಲಿ ಸೋಲಿಸಿದರು. 2011, 2012, 2013, ಮೂರು ವರ್ಷವೂ ಹನ್ನೊಂದು ಹನ್ನೊಂದು ಗೆಲುವು. ಅದಕ್ಕೂ ಮೊದಲು ಆ ಕಾಲೇಜು ಒಂದು ವರ್ಷವೂ ಹನ್ನೊಂದು ಗೆದ್ದಿರಲಿಲ್ಲ. ಬದ್ಧ ವೈರಿ ಕ್ಲೆಮ್ಸನ್ ಅನ್ನು ಸತತ ಐದು ವರ್ಷ ಸೋಲಿಸಿದರು. 2013ರ ಕೊನೆಗೆ ರ‍್ಯಾಂಕಿಂಗ್‌ನಲ್ಲಿ ನಾಲ್ಕನೇ ಸ್ಥಾನ. ಹಾಗಿರುವಾಗ ಅಜ್ಜ ಒಂದು ಗಂಟೆ ಹೊಗಳಿದ್ದು ಕಡಿಮೆಯೇ ಆಯಿತು.

2014ರಲ್ಲಿ ಗಾಳಿ ತಿರುಗಿತು. ಮೊದಲ ಪಂದ್ಯದಲ್ಲೇ ಮನೆಯಂಗಳದಲ್ಲಿ ಟೆಕ್ಸಸ್ ಎ ಅಂಡ್ ಎಂ 52-28ರಲ್ಲಿ ಹೊಡೆಯಿತು. ಅದಾದ ಮೇಲೆ ಮಿಸೂರಿಗೆ 21-20, ಕೆಂಟಕಿಗೆ 45-38, ಟೆನೆಸಿಗೆ ಹೆಚ್ಚುವರಿ ಸಮಯದಲ್ಲಿ 45-42. ಈ ಮೂರರಲ್ಲೂ ಕೊನೇ ಕ್ವಾರ್ಟರ್‌ನಲ್ಲಿ ಸೌತ್ ಕ್ಯಾರೊಲೈನಾ ಎರಡು ಟಚ್‌ಡೌನ್‌ನಷ್ಟು (ಸುಮಾರು ಹದಿನಾಲ್ಕು ಅಂಕ) ಮುಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ಮೂರು ಸಲ. ಕ್ಲೆಮ್ಸನ್ ಕೂಡ ಹಳೇ ಸೇಡು ತೀರಿಸಿಕೊಂಡಿತು.

ಆ ವರ್ಷದ ಕೊನೆಗೆ ಸ್ಪರಿಯರ್ ಒಂದು ಮಾತು ಆಡಿದರು. ನನ್ನ ಪ್ರಕಾರ ಇಡೀ ಕಥೆ ಅಲ್ಲೇ ಇದೆ. ‘ಇನ್ನೂ ಎಷ್ಟು ವರ್ಷ ಕೋಚ್ ಆಗಿರುತ್ತೀರಿ?’ ಅಂತ ಕೇಳಿದ್ದಕ್ಕೆ, ಇನ್ನೊಂದು ಎರಡು ಮೂರು ವರ್ಷ ಅನ್ನುವ ಅರ್ಥದಲ್ಲಿ ಹೇಳಿಬಿಟ್ಟರು.

ನಮಗೆ ಇದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಎಪ್ಪತ್ತಕ್ಕೆ ಹತ್ತಿರ ಬಂದವರು, ನಿಜ ಹೇಳಿದ್ದಾರೆ, ಅಷ್ಟೆ. ಆದರೆ ಕಾಲೇಜು ಕೋಚ್‌ನ ಅಸಲಿ ಕೆಲಸ ಏನು ಅಂತ ಗೊತ್ತಾದರೆ ಇದು ಎಂಥ ಎಡವಟ್ಟು ಅಂತ ತಿಳಿಯುತ್ತದೆ. ಟಿವಿಯಲ್ಲಿ ನಾವು ನೋಡುವುದು ಶನಿವಾರದ ಆಟ. ಉಳಿದ ದಿನಗಳ ದೊಡ್ಡ ಕೆಲಸ ಹೈಸ್ಕೂಲ್ ಹುಡುಗರನ್ನು ಒಪ್ಪಿಸಿ ಕರೆತರುವುದು. ಇಲ್ಲಿಯವರು ರಿಕ್ರೂಟಿಂಗ್ ಅನ್ನುತ್ತಾರೆ. ಕೋಚ್ ಮನೆಗೇ ಹೋಗುತ್ತಾರೆ. ಅಪ್ಪ ಅಮ್ಮನ ಎದುರು ಸೋಫಾ ಮೇಲೆ ಕೂರುತ್ತಾರೆ. ಅಜ್ಜಿ ಮಾಡಿದ ಕೇಕ್ ತಿನ್ನುತ್ತಾರೆ. ‘ನಿಮ್ಮ ಮಗನನ್ನು ನಾಲ್ಕು ವರ್ಷ ನನ್ನ ಮಗನ ಹಾಗೆ ನೋಡಿಕೊಳ್ತೀನಿ’ ಅಂತ ಮಾತು ಕೊಡುತ್ತಾರೆ. ಹೆಣ್ಣು ನೋಡಲು ಬಂದ ಹಾಗೇ ಇರುತ್ತದೆ, ಕಾಫಿ ತಿಂಡಿ ಸಮೇತ.

ನಾಲ್ಕು ವರ್ಷ ನೋಡಿಕೊಳ್ತೀನಿ ಅನ್ನುವವರು ಎರಡು ಮೂರು ವರ್ಷಕ್ಕೆ ಹೋಗುತ್ತಾರೆ ಅಂದರೆ ಲೆಕ್ಕ ಎಲ್ಲಿ ಸರಿಹೋಗುತ್ತದೆ? ಎದುರಾಳಿ ಕೋಚ್‌ಗಳಿಗೆ ಇದು ಹಬ್ಬದೂಟ. ಅವರೂ ಅದೇ ಸೋಫಾ ಮೇಲೆ ಕೂತು ‘ನಿಮ್ಮ ಹುಡುಗ ಮೂರನೇ ವರ್ಷಕ್ಕೆ ಬರುವಾಗ ಅಲ್ಲಿ ಯಾರಿರುತ್ತಾರೋ’ ಅಂತ ಒಂದು ಮಾತು ಬಿಟ್ಟು ಬಂದರೆ ಸಾಕು. ಬರುತ್ತೇವೆ ಅಂದಿದ್ದ ಕೆಲವು ಹುಡುಗರು ಮನಸ್ಸು ಬದಲಿಸಿದರು. ಸ್ಪರಿಯರ್ ಆಮೇಲೆ ನಾಲ್ಕೈದು ವರ್ಷ ಅಂತ ತಿದ್ದಿಕೊಂಡರು. ಆದರೆ ಬಾಯಿಂದ ಹೊರಬಿದ್ದ ಮಾತು ಬಿದ್ದಾಗಿತ್ತು. 2015ರ ಜುಲೈನಲ್ಲಿ ಪತ್ರಕರ್ತರನ್ನು ಕರೆದು, ತಮ್ಮ ವಯಸ್ಸಿನ ಬಗ್ಗೆ ಮಾತಾಡುವ ‘ಶತ್ರು’ಗಳ ಮೇಲೆ ಹರಿಹಾಯ್ದರು. ಆ ದಿನವೇ ನನಗೆ ಅನುಮಾನ ಬಂತು. ಗೆಲ್ಲುವ ಕಾಲದ ಸ್ಪರಿಯರ್ ಆಗಿದ್ದರೆ ಒಂದು ತಮಾಷೆ ಮಾಡಿ ಮುಗಿಸುತ್ತಿದ್ದರು.

2014ರ ಡಿಸೆಂಬರ್‌ನಲ್ಲಿ ಇಂಡಿಪೆಂಡೆನ್ಸ್ ಬೌಲ್ ಅನ್ನೋ, ಸೀಸನ್ ಕೊನೆಗೆ ಆಯ್ದ ತಂಡಗಳಿಗೆ ನಡೆಸುವ ಪಂದ್ಯದಲ್ಲಿ ಮಯಾಮಿಯನ್ನು 24-21ರಲ್ಲಿ ಸೋಲಿಸಿ ಆ ಸೀಸನ್ 7 ಗೆಲುವು, 6 ಸೋಲಿಗೆ ಮುಗಿದಿತ್ತು. ಬಾಳೆಲೆ ಎತ್ತುವ ಹೊತ್ತು ಅದೇ ಆಗಿತ್ತು. ಕೈ ಮುಗಿದು ಹೊರಟಿದ್ದರೆ ಊರೆಲ್ಲ ಎದ್ದು ನಿಂತು ಕಳಿಸಿಕೊಡುತ್ತಿತ್ತು. ಆದರೆ ಕೊನೇ ಪಂದ್ಯ ಗೆದ್ದರೆ ‘ಇನ್ನೊಂದು ವರ್ಷ ನೋಡೋಣ’ ಅನಿಸುತ್ತದಲ್ಲ, ಕಷ್ಟ ಇರುವುದು ಅಲ್ಲೇ.

2015ರ ಸೀಸನ್‌ನ ಮೊದಲ ಪಂದ್ಯ ನಿಮ್ಮ ಶಾರ್ಲಟ್‌ನಲ್ಲೇ ನಡೆಯಿತು. ನಾರ್ತ್ ಕ್ಯಾರೊಲೈನಾ ವಿರುದ್ಧ 17-13 ಗೆಲುವು. ಆಮೇಲೆ ಕೆಂಟಕಿಗೆ ಸೋಲು. ಜಾರ್ಜಿಯಾ 52-20ರಲ್ಲಿ ಬಡಿದು ಕಳಿಸಿತು. ಸೆಂಟ್ರಲ್ ಫ್ಲೋರಿಡಾ (ಯುಸಿಎಫ್) ವಿರುದ್ಧ ಗೆಲುವು, ಮಿಸೂರಿಗೆ ಸೋಲು. ಅದೇ ಅಕ್ಟೋಬರ್ ಮೊದಲ ವಾರ ಕೊಲಂಬಿಯಾದಲ್ಲಿ ಹಿಂದೆಂದೂ ಕಾಣದ ಪ್ರವಾಹ ಬಂತು. ರಸ್ತೆ, ಅಣೆಕಟ್ಟು ಕೊಚ್ಚಿಹೋದವು, ಕುಡಿಯುವ ನೀರಿಗೂ ತತ್ವಾರ. ಅಕ್ಟೋಬರ್ 10ಕ್ಕೆ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತಂಡ ಕೊಲಂಬಿಯಾಕ್ಕೆ ಬಂದು ಆಡಬೇಕಿತ್ತು. ಅಂಥ ಹೊತ್ತಲ್ಲಿ ಸ್ಟೇಡಿಯಂಗೆ ಪೊಲೀಸರನ್ನು ಎಲ್ಲಿಂದ ತರುವುದು? ಪಂದ್ಯವನ್ನು ಎಲ್‌ಎಸ್‌ಯುನ ಊರಾದ ಬ್ಯಾಟನ್ ರೂಜ್‌ಗೇ ಸಾಗಿಸಿದರು. ಕಾಗದದ ಮೇಲೆ ಇದು ಸೌತ್ ಕ್ಯಾರೊಲೈನಾದ ತವರಿನ ಪಂದ್ಯ. ಆಡಿದ್ದು ಮಾತ್ರ ಎದುರಾಳಿಯ ಅಂಗಳದಲ್ಲಿ. 45-24 ಸೋಲು. ಸ್ಪರಿಯರ್ ಅವರ ಕೊನೇ ಪಂದ್ಯ ಅದೇ ಆಯಿತು. ಸ್ವಂತ ಜನರ ಮುಂದೆ ಟೋಪಿ ಎತ್ತಿ ಹೊರಡುವ ಭಾಗ್ಯವೂ ಇರಲಿಲ್ಲ.

ಸೋಮವಾರ ಸಂಜೆ ಹುಡುಗರಿಗೆ ಹೇಳಿದರು. ಮಂಗಳವಾರ, ಅಕ್ಟೋಬರ್ 13ರಂದು ಪತ್ರಿಕಾಗೋಷ್ಠಿ. ಆಗ ವಯಸ್ಸು 70. ತಂಡದ ಲೆಕ್ಕ 2 ಗೆಲುವು, 4 ಸೋಲು. ತಮ್ಮ ತಂಡ ಸೇರಿದ್ದ ಎಸ್‌ಇಸಿ ಕಾನ್ಫರೆನ್ಸ್ ಪಂದ್ಯಗಳಲ್ಲಂತೂ ನಾಲ್ಕಕ್ಕೆ ನಾಲ್ಕೂ ಸೋಲು. ಇದು ರಾಜೀನಾಮೆ, ನಿವೃತ್ತಿ ಅಲ್ಲ ಅಂತ ಮೊದಲೇ ಸ್ಪಷ್ಟ ಮಾಡಿದರು. ತಂಡ ತಪ್ಪು ದಿಕ್ಕಿಗೆ ಹೊರಟಿದೆ, ಹಾಗಿರುವಾಗ ನಾನು ಅಡ್ಡ ಕೂರಬಾರದು ಅನ್ನುವುದು ಅವರ ಮಾತಿನ ಸಾರ. ಯಾರೂ ಅವರನ್ನು ಹೊರಗೆ ಕಳಿಸಲಿಲ್ಲ. ಕಳಿಸುವ ಧೈರ್ಯ ಆ ಕಾಲೇಜಿನಲ್ಲಿ ಯಾರಿಗೂ ಇರಲಿಲ್ಲ ಅಂತಲೂ ನನಗನಿಸುತ್ತದೆ. 86 ಗೆಲುವು ಕೊಟ್ಟು ಆ ಕಾಲೇಜಿನ ದಾಖಲೆ ಮಾಡಿದವರನ್ನು ‘ಸಾಕು, ಹೊರಡಿ ಸಾರ್’ ಅಂತ ಯಾರು ಹೇಳುತ್ತಾರೆ?

ದುಡ್ಡಿನ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅವರ ಸಂಬಳ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಇತ್ತು, ಕಾಂಟ್ರಾಕ್ಟ್‌ನಲ್ಲಿ ಇನ್ನೂ ವರ್ಷಗಳು ಬಾಕಿ ಇದ್ದವು. ಇಲ್ಲಿ ಕಾಲೇಜೇ ಕೋಚನ್ನು ತೆಗೆದುಹಾಕಿದರೆ ಬಾಕಿ ಕಾಂಟ್ರಾಕ್ಟಿನ ದೊಡ್ಡ ಪಾಲು ಕಟ್ಟಿಕೊಡಬೇಕು. ಅದಕ್ಕೆ ಬೈಔಟ್ ಅನ್ನುತ್ತಾರೆ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಕಾಲೇಜು ಜಿಂಬೊ ಫಿಷರ್ ಅವರನ್ನು ತೆಗೆದಾಗ ಒಪ್ಪಿಕೊಂಡ ಮೊತ್ತ 7.5 ಕೋಟಿ ಡಾಲರ್‌ಗೂ ಜಾಸ್ತಿ. ಕೆಲಸ ಮಾಡದೆ ಇರಲಿಕ್ಕೆ ಇಷ್ಟು! ತಾನೇ ರಾಜೀನಾಮೆ ಕೊಟ್ಟವನಿಗೆ ಈ ಬೈಔಟ್ ಇಲ್ಲ. ಹಾಗಾಗಿ ಸೋಲುತ್ತಿರುವ ಕೋಚ್‌ಗೆ ಬುದ್ಧಿವಂತಿಕೆಯ ದಾರಿ ಅಂದರೆ ಸುಮ್ನೆ ಕೂತು, ಕಾಲೇಜು ತಾನಾಗಿ ತೆಗೆಯುವವರೆಗೆ ಕಾಯುವುದು. ಸ್ಪರಿಯರ್ ಕಾಯಲಿಲ್ಲ. ವಾಷಿಂಗ್ಟನ್‌ನಲ್ಲೂ ಕಾಯದೆ ಮೂರು ವರ್ಷದ ಕಾಂಟ್ರಾಕ್ಟ್ ಬಿಟ್ಟು ಎದ್ದಿದ್ದರು, ನೆನಪಿದೆಯಲ್ಲ? ಭಟ್ಟರು ಸೌಟು ಇಟ್ಟು ಹೋದರು, ದಕ್ಷಿಣೆಗೆ ಕಾಯಲಿಲ್ಲ. ಅಜ್ಜ ಬೈಯುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅದೇ ಸೀಸನ್‌ನಲ್ಲಿ ಇನ್ನಿಬ್ಬರು ಹಿರಿಯ ಕೋಚ್‌ಗಳು ಹೊರಟರು. ಅವರನ್ನೂ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಸ್ವಲ್ಪ ತಿಳಿಯಾಗುತ್ತದೆ. ಅಕ್ಟೋಬರ್ 28ರಂದು ಮಿನೆಸೋಟಾದ ಜೆರಿ ಕಿಲ್ ಸೀಸನ್ ನಡುವೆಯೇ ನಿವೃತ್ತಿ ಹೇಳಿದರು. ಅವರಿಗೆ ಮೂರ್ಛೆರೋಗ. ಪಂದ್ಯದ ದಿನ ಮೈದಾನದ ಬದಿಯಲ್ಲೇ ಬಿದ್ದದ್ದೂ ಇತ್ತು. ಮಾತಾಡುತ್ತಾ ಅತ್ತುಬಿಟ್ಟರು. ಅವರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ, ಆಡಬಾರದು ಕೂಡ. ನವೆಂಬರ್ 1ರಂದು ವರ್ಜೀನಿಯಾ ಟೆಕ್‌ನ ಫ್ರ್ಯಾಂಕ್ ಬೀಮರ್ ಹೇಳಿದ್ದು ಬೇರೆ ತರ. ಇದೇ ನನ್ನ ಕೊನೇ ಸೀಸನ್, ಮುಗಿಸಿ ಹೋಗುತ್ತೇನೆ ಅಂದರು. 1987ರಿಂದ ಅಲ್ಲೇ ಇದ್ದವರು. ಹುಡುಗರು ಹಟ ಹಿಡಿದು ಆಡಿದರು, ವರ್ಜೀನಿಯಾ ವಿರುದ್ಧ 23-20ರಲ್ಲಿ ಗೆದ್ದು ಬೌಲ್ ಪಂದ್ಯಕ್ಕೆ ಅರ್ಹತೆ ಪಡೆದರು. ಆ ಪಂದ್ಯವನ್ನೂ 55-52ರಲ್ಲಿ ಗೆದ್ದು ತಮ್ಮ ಕೋಚನ್ನು ಕಳಿಸಿಕೊಟ್ಟರು.

ಸ್ಪರಿಯರ್ ಕೂಡ ಹಾಗೆ ಮಾಡಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಮಾಡಬಹುದಿತ್ತು. ಒಳ್ಳೆಯದೂ ಇರುತ್ತಿತ್ತು. ಇನ್ನು ಆರೇ ಪಂದ್ಯ ಇದ್ದವು. ಆದರೆ ನನಗೆ ಅನಿಸುವುದು, ಬೀಮರ್ ಅವರಿಗೆ ಸೋತರೂ ನಿಂತು ಕಳೆಯುವ ತಾಳ್ಮೆ ಇತ್ತು. ಸ್ಪರಿಯರ್ ಅವರಿಗೆ ಸೋಲುವುದೇ ಗೊತ್ತಿರಲಿಲ್ಲ. ಕಾಲೇಜು ಫುಟ್ಬಾಲ್‌ನಲ್ಲಿ 228 ಗೆದ್ದ ಮನುಷ್ಯ. ‘ನಾನೇ ಒದೀತೀನಿ’ ಅಂತ ಓಡಿದವರಿಗೆ, ಒದ್ದರೆ ಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ಮೈದಾನದಲ್ಲಿ ನಿಲ್ಲುವುದು ಆಗಲಿಲ್ಲ.

ಅವರ ಪರವಾಗಿ ಇನ್ನೊಂದು ವಾದ ಇತ್ತು. ಅಕ್ಟೋಬರ್‌ನಲ್ಲೇ ಹೋದರೆ ಕಾಲೇಜಿಗೆ ಹೊಸ ಕೋಚ್ ಹುಡುಕಲು ಸಮಯ ಸಿಗುತ್ತದೆ ಅನ್ನುವುದು. ಆಗ ಹುಡುಗರು ಸಹಿ ಹಾಕುತ್ತಿದ್ದುದು ಫೆಬ್ರುವರಿ ಮೊದಲ ಬುಧವಾರ. ಅಷ್ಟರಲ್ಲಿ ಹೊಸ ಕೋಚ್ ಬಂದು ಎಷ್ಟೋ ಸೋಫಾ ಸುತ್ತಬೇಕು. ಕೇಳಲು ಸರಿಯಾಗೇ ಇದೆ. ನಡೆದದ್ದು ಬೇರೆ. ಅಲಬಾಮಾದಲ್ಲಿ ಸಹಾಯಕ ಕೋಚ್ ಆಗಿದ್ದ ಕರ್ಬಿ ಸ್ಮಾರ್ಟ್ ಹೆಸರು ಕೊಲಂಬಿಯಾದಲ್ಲಿ ಜೋರಾಗಿ ಕೇಳಿಬರುತ್ತಿತ್ತು. ನವೆಂಬರ್ 29ರಂದು ಜಾರ್ಜಿಯಾ ತನ್ನ ಕೋಚ್ ಮಾರ್ಕ್ ರಿಕ್ಟ್ ಅವರನ್ನು ಕಳಿಸಿತು. ಸ್ಮಾರ್ಟ್ ಜಾರ್ಜಿಯಾದಲ್ಲೇ ಆಡಿ ಬೆಳೆದವರು, ಅಲ್ಲಿಗೇ ಹೋದರು. 2021 ಮತ್ತು 2022ರ ಸೀಸನ್‌ಗಳಲ್ಲಿ ಸಾಲಾಗಿ ರಾಷ್ಟ್ರೀಯ ಚಾಂಪಿಯನ್ ಆದರು. ಸೌತ್ ಕ್ಯಾರೊಲೈನಾ ಏಳು ವಾರ ಮೊದಲೇ ಬಸ್ ಸ್ಟ್ಯಾಂಡಿಗೆ ಬಂದು ಕೂತಿತ್ತು, ಬಸ್ಸು ಪಕ್ಕದ ಊರಿಗೆ ಹೋಯಿತು. ಕೊನೆಗೆ ಸಿಕ್ಕವರು ವಿಲ್ ಮಸ್‌ಚ್ಯಾಂಪ್. ಅವರನ್ನೂ 2020ರ ನವೆಂಬರ್‌ನಲ್ಲಿ, ಸೀಸನ್ ನಡುವೆಯೇ, ಕಾಲೇಜು ತೆಗೆಯಿತು. ಅವರ ಜಾಗಕ್ಕೆ ಬಂದವರು ಶೇನ್ ಬೀಮರ್. ಹೌದು, ವರ್ಜೀನಿಯಾ ಟೆಕ್‌ನ ಆ ಬೀಮರ್ ಅವರ ಮಗನೇ. ಹಿಂದೆ ಸ್ಪರಿಯರ್ ಕೈಕೆಳಗೂ ಕೆಲಸ ಮಾಡಿದ್ದವರು. ಈ ಲೋಕ ಬಹಳ ಚಿಕ್ಕದು, ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ರೀತಿ ನೆಂಟರು.

ನಿಮ್ಮ ಕೊನೇ ಪ್ರಶ್ನೆ ಹುಡುಗರದು. ಆ ಅಜ್ಜನ ಸಿಟ್ಟಿಗೆ ನಿಜವಾದ ಕಾರಣವೂ ಅದೇ ಇರಬೇಕು. ಇವತ್ತಿನ ದಿನದಲ್ಲಿ ಕೋಚ್ ಹೋದರೆ ಆಟಗಾರರೂ ಬೇರೆ ಕಾಲೇಜಿಗೆ ಸುಲಭವಾಗಿ ಹೋಗಬಹುದು. ಟ್ರಾನ್ಸ್‌ಫರ್ ಪೋರ್ಟಲ್ ಅಂತ ಇದೆ, 2021ರಿಂದ ಜಾಹೀರಾತು ದುಡ್ಡೂ ಪಡೆಯಬಹುದು. 2015ರಲ್ಲಿ ಹಾಗಿರಲಿಲ್ಲ. ಬೇರೆ ಕಾಲೇಜಿಗೆ ಹೋದ ಹುಡುಗ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್‌ಗೆ ಮಾತ್ರ ಸೋಮವಾರ ಸಂಜೆ ಎದ್ದು ಹೋಗುವ ಸ್ವಾತಂತ್ರ್ಯ. ಆ ನಿಯಮ ಅನ್ಯಾಯದ್ದೇ ಆಗಿತ್ತು. ಸ್ಪರಿಯರ್ ಅದನ್ನು ಮಾಡಿದವರಲ್ಲ, ಆದರೆ ಅದರ ಲಾಭ ಪಡೆದವರಂತೂ ಹೌದು. ಈ ವಿಷಯದಲ್ಲಿ ನಾನು ಅಜ್ಜನ ಪರ.

ಸ್ಪರಿಯರ್ ಮುಂದೆ ಫ್ಲೋರಿಡಾಕ್ಕೆ ಹಿಂತಿರುಗಿದರು. ಅಲ್ಲಿಯ ಮೈದಾನಕ್ಕೆ 2016ರಲ್ಲಿ ಅವರ ಹೆಸರಿಟ್ಟರು. ನಿವೃತ್ತಿ ಅಲ್ಲ ಅಂದಿದ್ದರಲ್ಲ, 2019ರಲ್ಲಿ ಆರ್ಲ್ಯಾಂಡೊದ ಒಂದು ಹೊಸ ವೃತ್ತಿಪರ ತಂಡಕ್ಕೆ ಮತ್ತೆ ಕೋಚ್ ಆದರು. ಎಂಟರಲ್ಲಿ ಏಳು ಗೆದ್ದರು. ಅಷ್ಟರಲ್ಲಿ ದುಡ್ಡಿಲ್ಲದೆ ಆ ಲೀಗೇ ಮುಚ್ಚಿಹೋಯಿತು. ಆ ಸಲ ಸೀಸನ್ನೇ ಅರ್ಧಕ್ಕೆ ಅವರನ್ನು ಬಿಟ್ಟು ಹೋಯಿತು! ಕೊಲಂಬಿಯಾದವರೂ ಸಿಟ್ಟು ಇಟ್ಟುಕೊಂಡಿಲ್ಲ. ಅಲ್ಲಿಯ ಒಳಾಂಗಣ ಅಭ್ಯಾಸ ಕೇಂದ್ರಕ್ಕೆ ಅವರ ಮತ್ತು ಹೆಂಡತಿ ಜೆರಿ ಅವರ ಹೆಸರಿದೆ. ಮಗಳಿಗೆ ಕೇಳಿ ನೋಡಿ, ದಾರಿಯಲ್ಲಿ ಕಂಡಿರುತ್ತಾಳೆ.

ಹುಡುಗರ ಕಥೆ ಮುಗಿಸುತ್ತೇನೆ. ಹಂಗಾಮಿ ಕೋಚ್ ಆಗಿ ನಿಂತವರು ಶಾನ್ ಎಲಿಯಟ್, ಅಲ್ಲಿಯವರೆಗೆ ಸಹಾಯಕರಾಗಿದ್ದವರು. ಐದೇ ದಿನದಲ್ಲಿ ಮೊದಲ ಪಂದ್ಯ, ವ್ಯಾಂಡರ್‌ಬಿಲ್ಟ್ ವಿರುದ್ಧ 19-10 ಗೆಲುವು. ಆಮೇಲೆ ಒಂದೂ ಗೆಲ್ಲಲಿಲ್ಲ. ಆದರೆ ಸೋತದ್ದು ಹೇಗೆ ನೋಡಿ. ಎ ಅಂಡ್ ಎಂಗೆ ಏಳು ಅಂಕದಿಂದ, ಟೆನೆಸಿಗೆ ಮೂರರಿಂದ, ಫ್ಲೋರಿಡಾಕ್ಕೆ ಹತ್ತರಿಂದ. ನವೆಂಬರ್ 21ರಂದು ಚಾರ್ಲ್ಸ್‌ಟನ್‌ನ ಪುಟ್ಟ ಮಿಲಿಟರಿ ಕಾಲೇಜು ಸಿಟಡೆಲ್‌ಗೆ ಒಂದೇ ಒಂದು ಅಂಕದಿಂದ, 23-22. ಕೆಳಗಿನ ದರ್ಜೆಯ ತಂಡಕ್ಕೆ ತವರಲ್ಲಿ ಸೋತ ಆ ದಿನದ ಮಾತೆತ್ತಿದರೆ ಇವತ್ತಿಗೂ ಅಲ್ಲಿಯವರು ಮುಖ ತಿರುಗಿಸುತ್ತಾರೆ. ಸೀಸನ್ ಮುಗಿದಾಗ 3 ಗೆಲುವು, 9 ಸೋಲು.

ಆದರೆ ಸಿಟಡೆಲ್ ಆದ ಮುಂದಿನ ಶನಿವಾರ ಕ್ಲೆಮ್ಸನ್ ಬಂತು. ಒಂದೂ ಸೋಲದ ತಂಡ, ದೇಶದ ನಂಬರ್ ಒನ್. ಭಟ್ಟರಿಲ್ಲದ ಆ ಹುಡುಗರು ಕೊನೇ ಕ್ವಾರ್ಟರ್‌ವರೆಗೂ ಬಿಡಲಿಲ್ಲ. 37-32. ಮುಂದಿನ ಸಲ ಅಜ್ಜನ ಮನೆಗೆ ಊಟಕ್ಕೆ ಹೋದರೆ ಆ ಪಂದ್ಯದ ಬಗ್ಗೆ ಕೇಳಿ. ಬೈಗುಳ ಬಿಟ್ಟು ಬೇರೆ ಮಾತು ಶುರು ಮಾಡುತ್ತಾರೆ.